ಮರೆಯುವ ಸರ್ವರ್‌ಗೆ ನೆನಪಿಡುವುದನ್ನು ಕಲಿಸಿದ 25 ವರ್ಷ

'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತು ಕೇಳದ ಹಳ್ಳಿ ಈಗ ಕರ್ನಾಟಕದಲ್ಲಿ ಇರಲಿಕ್ಕಿಲ್ಲ. ಪಡಿತರ ಅಂಗಡಿ, ನಾಡಕಚೇರಿ, ಬ್ಯಾಂಕಿನ ಕೌಂಟರ್ ಎಲ್ಲಿ ಹೋದರೂ ಇದೇ ಮಾತು. ಸರ್ವರ್ ಇಲ್ಲದಿದ್ದರೆ ಕೆಲಸ ಆಗುವುದಿಲ್ಲ, ಅದು ಕಣ್ಣಿಗೆ ಕಾಣುವ ತೊಂದರೆ. ಇವತ್ತು ನಾವು ಬರೆಯುತ್ತಿರುವುದು ಕಾಣದ ತೊಂದರೆಯ ಬಗ್ಗೆ. ಸರ್ವರ್ ಇದೆ. ಹೇಳಿದ ಕೆಲಸವನ್ನೂ ಮಾಡಿದೆ. ಆದರೆ 'ಮಾಡಿದೆ' ಎಂದು ಅದು ಕಳಿಸಿದ ಉತ್ತರ ದಾರಿಯಲ್ಲಿ ಕಳೆದುಹೋಗಿದೆ. ಕೇಳಿದವರು ಉತ್ತರ ಬರಲಿಲ್ಲವೆಂದು ಮತ್ತೆ ಕೇಳುತ್ತಾರೆ. ಈಗ ಸರ್ವರ್ ಏನು ಮಾಡಬೇಕು? ಇನ್ನೊಮ್ಮೆ ಮಾಡಬೇಕೇ, ಸುಮ್ಮನಿರಬೇಕೇ?

ಕಂಪ್ಯೂಟರ್ ಲೋಕದ ಒಂದು ಹೆಸರಾಂತ ವ್ಯವಸ್ಥೆ ಈ ಪ್ರಶ್ನೆಗೆ ಪೂರ್ತಿ ಉತ್ತರ ಕಂಡುಕೊಳ್ಳಲು 25 ವರ್ಷ ತೆಗೆದುಕೊಂಡಿತು. ಅದರ ಹೆಸರು ನೆಟ್‌ವರ್ಕ್ ಫೈಲ್ ಸಿಸ್ಟಮ್, ಚಿಕ್ಕದಾಗಿ ಎನ್‌ಎಫ್‌ಎಸ್.

ಕಥೆಗೆ ಹೋಗುವ ಮುನ್ನ ಒಂದು ಪದ ತಿಳಿದುಕೊಳ್ಳೋಣ: 'ರೇಸ್ ಕಂಡಿಷನ್'. ಕೇಳಲು ದೊಡ್ಡ ಪದ, ವಿಷಯ ನಮಗೆಲ್ಲ ಗೊತ್ತಿರುವುದೇ. ಊರಿನ ಕಲ್ಯಾಣ ಮಂಟಪದ ಬುಕಿಂಗ್ ಪುಸ್ತಕವನ್ನು ನೆನೆಸಿಕೊಳ್ಳಿ. ಒಬ್ಬರು ಬಂದು ಪುಟ ತೆರೆದು ನೋಡುತ್ತಾರೆ. ಆ ಮುಹೂರ್ತದ ದಿನ ಖಾಲಿ ಇದೆ. ಮುಂಗಡದ ಹಣ ತರಲು ಮನೆಗೆ ಹೋಗುತ್ತಾರೆ. ಅಷ್ಟರಲ್ಲಿ ಇನ್ನೊಬ್ಬರು ಬಂದು ಅದೇ ಪುಟ ನೋಡುತ್ತಾರೆ. ಆಗಲೂ ಖಾಲಿಯೇ. ಅವರು ನೆಂಟರಿಗೆಲ್ಲ ಫೋನ್ ಮಾಡಿ ದಿನ ಹೇಳಿಬಿಡುತ್ತಾರೆ. ಇಬ್ಬರೂ ಪುಸ್ತಕ ನೋಡಿದ್ದಾರೆ, ಇಬ್ಬರೂ ಕಂಡದ್ದು ನಿಜ, ಯಾರೂ ಸುಳ್ಳು ಹೇಳಿಲ್ಲ. ಆದರೂ ಒಂದೇ ಮಂಟಪದಲ್ಲಿ ಒಂದೇ ದಿನ ಎರಡು ಮದುವೆ. ತಪ್ಪು ಇರುವುದು ನೋಡುವುದಕ್ಕೂ ಬರೆಯುವುದಕ್ಕೂ ನಡುವಿನ ಸಂದಿನಲ್ಲಿ. ಆ ಸಂದಿನೊಳಗೆ ಇನ್ನೊಬ್ಬರು ನುಗ್ಗಿದರೆ ಮಾತ್ರ ಎಡವಟ್ಟು. ಯಾರೂ ನುಗ್ಗದಿದ್ದರೆ ಹತ್ತು ವರ್ಷವಾದರೂ ಗೊತ್ತಾಗುವುದಿಲ್ಲ. ಕಂಪ್ಯೂಟರಿನಲ್ಲಿ ಇದಕ್ಕೆ ರೇಸ್ ಕಂಡಿಷನ್ ಎನ್ನುತ್ತಾರೆ. ಫಲ ಏನೆಂಬುದು ಯಾರು ಮೊದಲು ಓಡಿ ಮುಟ್ಟಿದರು ಎನ್ನುವುದರ ಮೇಲೆ ನಿಂತಿರುತ್ತದೆ.

ಈಗ ಕಥೆ. 1982ರ ಫೆಬ್ರವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಎಂಬ ಕಂಪನಿ ಹುಟ್ಟಿತು. ಕಟ್ಟಿದವರಲ್ಲಿ ಒಬ್ಬರು ದೆಹಲಿ ಐಐಟಿಯಲ್ಲಿ ಓದಿದ ವಿನೋದ್ ಖೋಸ್ಲಾ. ಉಳಿದವರು ಆಂಡಿ ಬೆಕ್ಟೋಲ್‌ಶೈಮ್, ಸ್ಕಾಟ್ ಮೆಕ್‌ನೀಲಿ ಮತ್ತು ಬಿಲ್ ಜಾಯ್. ಎಂಜಿನಿಯರುಗಳ ಮೇಜಿನ ಮೇಲೆ ಇಡುವಂಥ ಯೂನಿಕ್ಸ್ ಕಂಪ್ಯೂಟರುಗಳನ್ನು ಅವರು ಮಾರುತ್ತಿದ್ದರು. ಆಗ ಡಿಸ್ಕ್ ಬಹಳ ದುಬಾರಿ. ಪ್ರತಿ ಮೇಜಿಗೂ ಒಂದೊಂದು ದೊಡ್ಡ ಡಿಸ್ಕ್ ಕೊಡುವ ಬದಲು ಒಂದು ಕೋಣೆಯಲ್ಲಿ ಒಂದು ದೊಡ್ಡ ಡಿಸ್ಕ್ ಇಟ್ಟು ಎಲ್ಲರೂ ತಂತಿಯ ಮೂಲಕ ಅದನ್ನೇ ಬಳಸುವಂತಿದ್ದರೆ? ಅದಕ್ಕಾಗಿ ಮಾಡಿದ್ದೇ ಎನ್‌ಎಫ್‌ಎಸ್. 1985ರಲ್ಲಿ ಸನ್‌ಓಎಸ್ 2.0 ಜತೆಗೆ ಅದು ಹೊರಬಂತು. ಅದೇ ವರ್ಷದ ಬೇಸಿಗೆಯ ಯೂಸೆನಿಕ್ಸ್ ಸಮ್ಮೇಳನದಲ್ಲಿ ರಸೆಲ್ ಸ್ಯಾಂಡ್‌ಬರ್ಗ್ ಮತ್ತು ಸಂಗಡಿಗರು ಅದರ ವಿನ್ಯಾಸವನ್ನು ಪ್ರಬಂಧವಾಗಿ ಎಲ್ಲರ ಮುಂದಿಟ್ಟರು. ಸನ್ ತನ್ನ ನಿಯಮಗಳನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ಬೇರೆ ಕಂಪನಿಗಳೂ ಅದನ್ನು ತಮ್ಮ ಯಂತ್ರಗಳಿಗೆ ಅಳವಡಿಸಿಕೊಂಡವು.

ಆ ವಿನ್ಯಾಸದ ತಿರುಳು ಒಂದೇ ಮಾತಿನಲ್ಲಿದೆ: ಸರ್ವರ್ ಏನನ್ನೂ ನೆನಪಿಟ್ಟುಕೊಳ್ಳಬಾರದು. ಯಾರು ಯಾವ ಫೈಲ್ ತೆರೆದಿದ್ದಾರೆ, ಎಲ್ಲಿಯವರೆಗೆ ಓದಿದ್ದಾರೆ ಎಂಬ ಲೆಕ್ಕ ಸರ್ವರ್ ಬಳಿ ಇಲ್ಲ. ಪ್ರತಿ ಸಲವೂ ಕೇಳುವವರೇ 'ಈ ಫೈಲಿನ ಇಷ್ಟನೇ ಜಾಗದಿಂದ ಇಷ್ಟು ಕೊಡು' ಎಂದು ಪೂರ್ತಿ ವಿವರ ಹೇಳಬೇಕು. ಕೇಳಲು ವಿಚಿತ್ರ, ಆದರೆ ಹಿಂದೆ ಒಳ್ಳೆಯ ಯೋಚನೆ ಇತ್ತು. ಕರೆಂಟ್ ಹೋಗಿ ಸರ್ವರ್ ಸತ್ತು ಮತ್ತೆ ಎದ್ದರೆ ಅದಕ್ಕೆ ಕಳೆದುಕೊಳ್ಳಲು ನೆನಪೇ ಇಲ್ಲ. ಕಾಯುತ್ತಿದ್ದ ಯಂತ್ರಗಳು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿರುತ್ತವೆ. ಸರ್ವರ್ ಎದ್ದ ತಕ್ಷಣ ಉತ್ತರ ಸಿಗುತ್ತದೆ, ಕೆಲಸ ನಿಂತಲ್ಲಿಂದ ಮುಂದುವರಿಯುತ್ತದೆ. ಆ ಕಾಲದ ಯಂತ್ರಗಳ ಆರೋಗ್ಯ ನೋಡಿದರೆ ಇದು ಸರಿಯಾದ ಆಯ್ಕೆಯೇ ಆಗಿತ್ತು ಎಂದು ನಮಗನ್ನಿಸುತ್ತದೆ. ಈಗ ಕುಳಿತು ಹಳಬರನ್ನು ದಡ್ಡರೆನ್ನುವುದು ಸುಲಭ.

ಓದುವ ಕೆಲಸಕ್ಕೆ ಈ ಪದ್ಧತಿಯಿಂದ ತೊಂದರೆ ಇಲ್ಲ. ಒಂದು ಪುಟವನ್ನು ಎರಡು ಸಲ ಓದಿದರೆ ಪುಟ ಸವೆಯುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಅಕ್ಷರವನ್ನು ಎರಡು ಸಲ ಬರೆದರೂ ಫಲ ಒಂದೇ. ಆದರೆ 'ಈ ಫೈಲ್ ಅಳಿಸು', 'ಈ ಹೆಸರಿನ ಫೈಲ್ ಸೃಷ್ಟಿಸು', 'ಹೆಸರು ಬದಲಿಸು' ಎಂಬ ಕೆಲಸಗಳು ಹಾಗಲ್ಲ. ಅಳಿಸು ಎಂದಿರಿ. ಸರ್ವರ್ ಅಳಿಸಿತು. ಉತ್ತರ ಕಳೆದುಹೋಯಿತು. ನಿಮ್ಮ ಯಂತ್ರ ಮತ್ತೆ ಅಳಿಸು ಎಂದಿತು. ಸರ್ವರ್‌ಗೆ ಹಿಂದಿನದು ನೆನಪಿಲ್ಲ, ಹುಡುಕಿ ನೋಡಿ 'ಅಂಥ ಫೈಲೇ ಇಲ್ಲ' ಎಂದಿತು. ಕೆಲಸ ಯಶಸ್ವಿಯಾಗಿದೆ, ನಿಮಗೆ ಬಂದ ಸುದ್ದಿ ಮಾತ್ರ ವಿಫಲ.

ಉತ್ತರ ಕಳೆಯುವುದು ಅಪರೂಪವೇನಲ್ಲ. ಆಗ ಎನ್‌ಎಫ್‌ಎಸ್ ಓಡುತ್ತಿದ್ದದ್ದು ಯುಡಿಪಿ ಎಂಬ ಪದ್ಧತಿಯ ಮೇಲೆ. ಅದು ಸಾಮಾನ್ಯ ಅಂಚೆಯ ಹಾಗೆ. ಡಬ್ಬಿಗೆ ಹಾಕಿದರೆ ಆಯಿತು, ಮುಟ್ಟಿತೋ ಇಲ್ಲವೋ ಅಂಚೆಯವರು ಹೇಳುವುದಿಲ್ಲ. ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ 0.7 ಸೆಕೆಂಡ್ ಕಾದು ಉತ್ತರ ಬಾರದಿದ್ದರೆ ಪ್ರಶ್ನೆಯನ್ನು ಮತ್ತೆ ಕಳಿಸುತ್ತಿದ್ದರು. ಸರ್ವರ್ ಮೇಲೆ ಹೊರೆ ಜಾಸ್ತಿಯಾದಷ್ಟೂ ಉತ್ತರ ತಡ. ತಡವಾದಷ್ಟೂ ಮರುಪ್ರಶ್ನೆಗಳು ಜಾಸ್ತಿ.

ಎರಡನೆಯ ತೊಂದರೆ ಕಲ್ಯಾಣ ಮಂಟಪದ್ದೇ. ಯೂನಿಕ್ಸ್‌ನಲ್ಲಿ ಒಬ್ಬರ ಮೇಲ್ ಎಲ್ಲ ಒಂದೇ ಫೈಲಿನಲ್ಲಿ ಇರುತ್ತಿತ್ತು. ಹೊಸ ಮೇಲ್ ಬಂದರೆ ಒಂದು ಪ್ರೋಗ್ರಾಂ ಅದನ್ನು ಕೊನೆಗೆ ಸೇರಿಸುತ್ತದೆ. ಅದೇ ಹೊತ್ತಿಗೆ ಓದುವವರು ಹಳೆಯ ಮೇಲ್ ಅಳಿಸುತ್ತಿದ್ದರೆ ಇನ್ನೊಂದು ಪ್ರೋಗ್ರಾಂ ಇಡೀ ಫೈಲನ್ನು ತಿರುಗಿ ಬರೆಯುತ್ತದೆ. ಎರಡೂ ಒಟ್ಟಿಗೆ ಕೈಹಾಕಿದರೆ ಮೇಲ್ ಹಾಳಾಗಬಹುದು, ಇಲ್ಲವೇ ಮಾಯವಾಗಬಹುದು. ಅದಕ್ಕೆ ಬೀಗದ ಪದ್ಧತಿ ಮಾಡಿಕೊಂಡಿದ್ದರು. ಮೊದಲು '.ಲಾಕ್' ಎಂದು ಕೊನೆಯಾಗುವ ಹೆಸರಿನ ಒಂದು ಸಣ್ಣ ಫೈಲ್ ಸೃಷ್ಟಿಸಬೇಕು. ಅದು ಮೊದಲೇ ಇದ್ದರೆ ಒಳಗೆ ಯಾರೋ ಇದ್ದಾರೆಂದು ಅರ್ಥ, ಕಾಯಬೇಕು. ಒಂದೇ ಕಂಪ್ಯೂಟರಿನೊಳಗೆ ಇದು ಚೆನ್ನಾಗಿ ನಡೆಯುತ್ತಿತ್ತು. 'ಇಲ್ಲದಿದ್ದರೆ ಮಾತ್ರ ಸೃಷ್ಟಿಸು' ಎಂಬ ಒಂದೇ ಏಟಿನ ಆಜ್ಞೆ ಯೂನಿಕ್ಸ್‌ನಲ್ಲಿ ಇತ್ತು.

ಎನ್‌ಎಫ್‌ಎಸ್‌ನ ಎರಡನೇ ಆವೃತ್ತಿಯಲ್ಲಿ, ಅಂದರೆ ಹೊರಗೆ ಬಂದ ಮೊದಲ ಆವೃತ್ತಿಯಲ್ಲಿ, ಆ ಒಂದೇ ಏಟಿನ ಆಜ್ಞೆ ಇರಲಿಲ್ಲ. ಯಂತ್ರ ಮೊದಲು 'ಈ ಹೆಸರಿನ ಫೈಲ್ ಇದೆಯೇ' ಎಂದು ಕೇಳಬೇಕು. ಇಲ್ಲ ಎಂದು ಉತ್ತರ ಬಂದ ಮೇಲೆ 'ಸೃಷ್ಟಿಸು' ಎನ್ನಬೇಕು. ನೋಡುವುದು ಒಂದು ಕಾಗದ, ಬರೆಯುವುದು ಇನ್ನೊಂದು ಕಾಗದ. ಎರಡು ಯಂತ್ರಗಳು ಒಂದೇ ಕ್ಷಣಕ್ಕೆ ಕೇಳಿದರೆ ಎರಡಕ್ಕೂ 'ಇಲ್ಲ' ಎಂಬ ಉತ್ತರ, ಎರಡಕ್ಕೂ ಬೀಗ ತನ್ನದೇ ಎಂಬ ನಂಬಿಕೆ. ಲಿನಕ್ಸ್‌ನ ಕೈಪಿಡಿಯಲ್ಲೇ ಈ ಆಜ್ಞೆ ಎನ್‌ಎಫ್‌ಎಸ್ ಮೇಲೆ ಕೆಟ್ಟಿದೆ, ಬೀಗಕ್ಕಾಗಿ ಇದನ್ನು ನಂಬಿದರೆ ರೇಸ್ ಕಂಡಿಷನ್ ಬರುತ್ತದೆ ಎಂದು ಎಚ್ಚರಿಕೆ ಬರೆದಿಟ್ಟಿದ್ದರು.

ಅದೇ ಕೈಪಿಡಿ ಒಂದು ಒಳದಾರಿಯನ್ನೂ ಹೇಳಿಕೊಟ್ಟಿತು. ಈ ಇಡೀ ಇತಿಹಾಸದಲ್ಲಿ ನಮಗೆ ಅತ್ಯಂತ ಇಷ್ಟವಾದ ಭಾಗ ಇದೇ. ಮೊದಲು ನಿಮ್ಮ ಯಂತ್ರದ ಹೆಸರು ಮತ್ತು ಪ್ರೋಗ್ರಾಂನ ನಂಬರ್ ಸೇರಿಸಿ ಬೇರೆ ಯಾರಿಗೂ ಇರದ ಹೆಸರಿನ ಒಂದು ಫೈಲ್ ಮಾಡಿ. ಆಮೇಲೆ ಅದೇ ಫೈಲಿಗೆ ಬೀಗದ ಹೆಸರನ್ನು ಎರಡನೇ ಹೆಸರಾಗಿ ಜೋಡಿಸಿ. ಯೂನಿಕ್ಸ್‌ನಲ್ಲಿ ಒಂದು ಫೈಲಿಗೆ ಎರಡು ಹೆಸರಿರಬಹುದು, ಮನೆಯಲ್ಲಿ ಕರೆಯುವ ಹೆಸರು ಒಂದು, ಶಾಲೆಯ ರಿಜಿಸ್ಟರಿನಲ್ಲಿ ಇನ್ನೊಂದು ಇರುವ ಹಾಗೆ. ಹೀಗೆ ಜೋಡಿಸುವ ಕೆಲಸ ಸರ್ವರ್‌ನಲ್ಲಿ ಒಂದೇ ಏಟಿಗೆ ಆಗುತ್ತದೆ. ಆ ಹೆಸರು ಬೇರೆಯವರ ಕೈಯಲ್ಲಿದ್ದರೆ ಜೋಡಣೆ ಆಗುವುದೇ ಇಲ್ಲ. ಇನ್ನು ಮುಖ್ಯ ಮಾತು: ಜೋಡಣೆ ಆಯಿತೋ ಇಲ್ಲವೋ ಎಂದು ಸರ್ವರ್ ಕೊಡುವ ಉತ್ತರವನ್ನು ನಂಬಬೇಡಿ. ಮೊದಲ ಉತ್ತರ ಕಳೆದು ಮರುಪ್ರಶ್ನೆ ಹೋಗಿದ್ದರೆ, ನಿಮ್ಮದೇ ಜೋಡಣೆಯನ್ನು ನೋಡಿ ಸರ್ವರ್ 'ಆ ಹೆಸರು ಆಗಲೇ ಇದೆ' ಎಂದು ನಿರಾಕರಿಸಿರಬಹುದು. ಅದರ ಬದಲು ನಿಮ್ಮ ಫೈಲಿಗೆ ಈಗ ಎಷ್ಟು ಹೆಸರಿವೆ ಎಂದು ಎಣಿಸಿ. ಎರಡು ಇದ್ದರೆ ಬೀಗ ನಿಮ್ಮದು. ಒಂದೇ ಇದ್ದರೆ ಅಲ್ಲ.

ಬಾಯಿಮಾತು ಬಿಟ್ಟು ಪಹಣಿ ನೋಡುವ ಬುದ್ಧಿ ಇದು.

1990ರ ದಶಕದಲ್ಲಿ ಡೇನಿಯಲ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞ ಕ್ಯೂಮೇಲ್ ಎಂಬ ಮೇಲ್ ಪ್ರೋಗ್ರಾಂ ಬರೆದಾಗ ಬೇರೆಯೇ ದಾರಿ ಹಿಡಿದರು. ಪ್ರತಿ ಮೇಲ್‌ಗೂ ಒಂದು ಪ್ರತ್ಯೇಕ ಫೈಲ್, ಪ್ರತಿ ಫೈಲಿಗೂ ಬೇರೆ ಯಾವುದಕ್ಕೂ ಇರದ ಹೆಸರು. ಒಂದೇ ಫೈಲಿಗೆ ಇಬ್ಬರು ಕೈಹಾಕುವ ಸಂದರ್ಭವೇ ಇಲ್ಲದ ಮೇಲೆ ಬೀಗ ಏಕೆ? ಜಗಳ ಬಿಡಿಸುವ ಬದಲು ಜಮೀನನ್ನೇ ಪಾಲು ಮಾಡಿಕೊಟ್ಟಂತೆ. ಇಂದಿಗೂ ಎಷ್ಟೋ ಮೇಲ್ ಸರ್ವರ್‌ಗಳು ಈ ಪದ್ಧತಿಯಲ್ಲೇ ಮೇಲ್ ಇಡುತ್ತವೆ.

ಆದರೆ ಇವೆಲ್ಲ ಬಳಸುವವರು ಮಾಡಿಕೊಂಡ ಉಪಾಯಗಳು. ಸರ್ವರ್ ಕಡೆಯ ರಿಪೇರಿ 1989ರಲ್ಲಿ ಶುರುವಾಯಿತು. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಕಂಪನಿಯ ಚೆಟ್ ಜಸ್ಜಾಕ್ ಆ ವರ್ಷದ ಚಳಿಗಾಲದ ಯೂಸೆನಿಕ್ಸ್ ಸಮ್ಮೇಳನದಲ್ಲಿ ಒಂದು ಪ್ರಬಂಧ ಓದಿದರು. ಎನ್‌ಎಫ್‌ಎಸ್ ಸರ್ವರಿನ ವೇಗ ಮತ್ತು ಸರಿತನ ಎರಡನ್ನೂ ಹೆಚ್ಚಿಸುವುದು ಹೇಗೆ ಎಂಬುದು ವಿಷಯ. ಶೀರ್ಷಿಕೆಯಲ್ಲಿ ವೇಗ ಮೊದಲು, ಸರಿತನ ಆಮೇಲೆ. ಕೊಳ್ಳುವವರು ಕೇಳುವುದು ವೇಗವನ್ನೇ ಅಲ್ಲವೇ!

ಮರುಪ್ರಶ್ನೆಗಳಿಂದ ಆಗುವ ಕೆಡುಕು ಸುಳ್ಳು ಸುದ್ದಿಗಿಂತ ದೊಡ್ಡದು. ಹೀಗೆ ಯೋಚಿಸಿ. ಒಂದು ಯಂತ್ರ 'ಈ ಫೈಲ್ ಸೃಷ್ಟಿಸು, ಮೊದಲೇ ಇದ್ದರೆ ಖಾಲಿ ಮಾಡು' ಎಂದು ಕೇಳುತ್ತದೆ. ಉತ್ತರ ತಡವಾಗಿ ಮತ್ತೆ ಕೇಳುತ್ತದೆ. ಸರ್ವರ್ ಒಳಗೆ ಒಟ್ಟಿಗೆ ಹಲವು ಕೆಲಸಗಾರ ಪ್ರೋಗ್ರಾಂಗಳಿರುತ್ತವೆ. ಮೊದಲ ಕಾಗದ ಒಬ್ಬನ ಕೈಗೆ ಸಿಕ್ಕಿತು, ಅವನು ಕೆಲಸ ಮುಗಿಸಿ ಉತ್ತರ ಕಳಿಸಿದ. ಯಂತ್ರ ಸಂತೋಷದಿಂದ ಫೈಲಿನಲ್ಲಿ ಲೆಕ್ಕಪತ್ರ ಬರೆಯಿತು. ಅಷ್ಟು ಹೊತ್ತಿಗೆ ನಕಲು ಕಾಗದ ಇನ್ನೊಬ್ಬ ಕೆಲಸಗಾರನ ಕೈಗೆ ಬಂತು. ಅವನೂ ನಿಯತ್ತಿನಿಂದ ಫೈಲನ್ನು ಖಾಲಿ ಮಾಡಿದ. ಬರೆದ ಲೆಕ್ಕ ಹೋಯಿತು. ಯಾರಿಗೂ ಎರರ್ ಸಂದೇಶ ಬರಲಿಲ್ಲ. ಬೀಜ ಬಿತ್ತಿದ ಮೇಲೆ ಹಿಂದಿನ ವಾರ ಕರೆದಿದ್ದ ಟ್ರ್ಯಾಕ್ಟರ್ ಬಂದು ಹೊಲ ಉತ್ತು ಹೋದ ಹಾಗೆ.

ಜಸ್ಜಾಕ್ ಮಾಡಿದ್ದು ಸರ್ವರ್‌ಗೆ ಒಂದು ಸಣ್ಣ ಚೀಟಿಪುಸ್ತಕ ಕೊಡುವುದು. ಪ್ರತಿ ಪ್ರಶ್ನೆಗೂ ಒಂದು ನಂಬರ್ ಇರುತ್ತದೆ, ಮರುಪ್ರಶ್ನೆಗೂ ಅದೇ ನಂಬರ್. ಇತ್ತೀಚೆಗೆ ಬಂದ ಪ್ರಶ್ನೆಗಳ ನಂಬರನ್ನು ಸರ್ವರ್ ಗುರುತು ಹಾಕಿಕೊಳ್ಳುತ್ತದೆ. ಅದೇ ನಂಬರ್ ಮತ್ತೆ ಬಂದರೆ ಕೆಲಸವನ್ನು ಮತ್ತೊಮ್ಮೆ ಮಾಡುವುದಿಲ್ಲ. ಇದರಿಂದ ವ್ಯರ್ಥ ಕೆಲಸ ತಪ್ಪಿ ವೇಗವೂ ಹೆಚ್ಚಿತು. ಬೇರೆ ಸರ್ವರ್‌ಗಳಿಗೂ ಈ ಚೀಟಿಪುಸ್ತಕ ಹಬ್ಬಿತು.

ಅಂದರೆ ನೆನಪೇ ಬೇಡ ಎಂದು ಹೊರಟ ಸರ್ವರ್ ನಾಲ್ಕೇ ವರ್ಷದಲ್ಲಿ ಕದ್ದುಮುಚ್ಚಿ ನೆನಪಿಡಲು ಶುರುಮಾಡಿತ್ತು. ಆದರೆ ಈ ಪುಸ್ತಕ ಇದ್ದದ್ದು ಮೆಮೊರಿಯಲ್ಲಿ, ಕರೆಂಟ್ ಹೋದರೆ ಅಳಿಸಿಹೋಗುತ್ತದೆ. ಪುಟಗಳೂ ಕಡಿಮೆ. ಹೊರೆ ಹೆಚ್ಚಾದಾಗ ಹಳೆಯ ಗುರುತುಗಳನ್ನು ಅಳಿಸಿ ಹೊಸದು ಬರೆಯಬೇಕು. ಮರುಪ್ರಶ್ನೆಗಳು ಹೆಚ್ಚುವುದೂ ಹೊರೆ ಹೆಚ್ಚಾದಾಗಲೇ! ಕೊಡೆ ಬೇಕಾದ ದಿನವೇ ಕೊಡೆ ಹರಿದಂತೆ.

ರೇಸ್ ಕಂಡಿಷನ್ ಹಿಡಿಯುವುದು ಕಷ್ಟವಾಗುವುದು ಇದಕ್ಕೇ. ಪರೀಕ್ಷೆ ಮಾಡುವಾಗ ಅದು ಕಾಣಿಸಿಕೊಳ್ಳುವುದಿಲ್ಲ. ಎನ್‌ಎಫ್‌ಎಸ್‌ಗೆ ಸಂಬಂಧವಿಲ್ಲದ ಒಂದು ಘಟನೆಯನ್ನು ಇಲ್ಲಿ ಹೇಳಲೇಬೇಕು. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೋದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ಮರಗಳಿಗೆ ತಗುಲಿ ಲೈನುಗಳು ಟ್ರಿಪ್ ಆಗುತ್ತಿದ್ದಾಗ ಒಹಾಯೋದ ಫಸ್ಟ್‌ಎನರ್ಜಿ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಅಲಾರಂ ಮೊಳಗಲೇ ಇಲ್ಲ. ಮಧ್ಯಾಹ್ನ 2.14ರ ಹೊತ್ತಿಗೇ ಅಲಾರಂ ವ್ಯವಸ್ಥೆ ಸದ್ದಿಲ್ಲದೆ ನಿಂತಿತ್ತು, ದೊಡ್ಡ ಕತ್ತಲೆ ಕವಿದದ್ದು 4 ಗಂಟೆ ದಾಟಿದ ಮೇಲೆ. ಸಾಫ್ಟ್‌ವೇರ್ ಮಾಡಿದ್ದ ಜನರಲ್ ಎಲೆಕ್ಟ್ರಿಕ್‌ನವರು ವಾರಗಟ್ಟಲೆ ಹುಡುಕಿದ ಮೇಲೆ ಕಾರಣ ಸಿಕ್ಕಿತು: ಒಂದೇ ಮಾಹಿತಿಯ ಮೇಲೆ ಎರಡು ಕೆಲಸಗಳು ಒಂದೇ ಕ್ಷಣಕ್ಕೆ ಬರೆಯಲು ಹೋಗಿದ್ದವು.

ಎನ್‌ಎಫ್‌ಎಸ್‌ಗೆ ಮರಳೋಣ. 1995ರ ಜೂನ್‌ನಲ್ಲಿ ಮೂರನೇ ಆವೃತ್ತಿಯ ನಿಯಮಗಳು ಪ್ರಕಟವಾದವು. ಅದರಲ್ಲಿ 'ಇಲ್ಲದಿದ್ದರೆ ಮಾತ್ರ ಸೃಷ್ಟಿಸು' ಎಂಬುದು ಕೊನೆಗೂ ಒಂದೇ ಆಜ್ಞೆಯಾಗಿ ಬಂತು. ಜತೆಗೆ ಒಂದು ಜಾಣತನ. ಕೇಳುವ ಯಂತ್ರ ತನ್ನದೇ ಆದ 8 ಬೈಟ್‌ಗಳ ಒಂದು ಗುರುತನ್ನು ಪ್ರಶ್ನೆಯ ಜತೆ ಕಳಿಸಬೇಕು. ಸರ್ವರ್ ಫೈಲ್ ಸೃಷ್ಟಿಸಿ ಆ ಗುರುತನ್ನು ಡಿಸ್ಕಿನಲ್ಲೇ ಬರೆದಿಡುತ್ತದೆ. ಮತ್ತೊಮ್ಮೆ ಅದೇ ಹೆಸರಿಗೆ ಆಜ್ಞೆ ಬಂದರೆ ಗುರುತು ಹೋಲಿಸುತ್ತದೆ. ಗುರುತು ಒಂದೇ ಆಗಿದ್ದರೆ 'ಇದು ಅದೇ ಮನುಷ್ಯನ ಎರಡನೇ ಕಾಗದ' ಎಂದು ತಿಳಿದು 'ಆಯಿತು' ಎನ್ನುತ್ತದೆ. ಬೇರೆಯಾಗಿದ್ದರೆ 'ಆಗಲೇ ಇದೆ' ಎನ್ನುತ್ತದೆ. ನಡುವೆ ಕರೆಂಟ್ ಹೋಗಿ ಬಂದರೂ ಗುರುತು ಉಳಿದಿರುತ್ತದೆ.

ಈ 8 ಬೈಟ್‌ಗಳನ್ನು ಇಡಲು ಫೈಲಿನ ವಿವರಗಳಲ್ಲಿ ಜಾಗವೇ ಇರಲಿಲ್ಲ! ಹಾಗಾಗಿ ಎಷ್ಟೋ ಸರ್ವರ್‌ಗಳು ಅದನ್ನು ಫೈಲಿನ ದಿನಾಂಕ ಬರೆಯುವ ಕಾಲಂನಲ್ಲಿ ತಾತ್ಕಾಲಿಕವಾಗಿ ತುರುಕಿದವು. ಉತ್ತರ ಮುಟ್ಟಿದ ಮೇಲೆ ಕೇಳಿದ ಯಂತ್ರವೇ ಸರಿಯಾದ ದಿನಾಂಕ ಬರೆಸಬೇಕು. ನಮ್ಮ ಪಂಚಾಯತಿಗಳ ಹಳೆಯ ರಿಜಿಸ್ಟರ್ ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಷರಾ ಕಾಲಂನಲ್ಲಿ ಏನೇನು ಇರುತ್ತದೆ ಎಂದು ಅವರಿಗೆ ಗೊತ್ತು.

ನಿಯಮ ಬಂದರೆ ಕೆಲಸ ಮುಗಿಯಲಿಲ್ಲ. ಆಪರೇಟಿಂಗ್ ಸಿಸ್ಟಮ್‌ಗಳು ಅದನ್ನು ಪಾಲಿಸಬೇಕಲ್ಲ. ಲಿನಕ್ಸ್‌ನಲ್ಲಿ ಈ ಆಜ್ಞೆಯನ್ನು ನಂಬಬಹುದಾದದ್ದು 2.6 ಕರ್ನಲ್‌ನಿಂದ. ಅದು ಬಂದದ್ದು 2003ರ ಡಿಸೆಂಬರ್‌ನಲ್ಲಿ. ಕಾಗದದ ಮೇಲಿನ ರಿಪೇರಿ ಅಲ್ಲಿನ ಯಂತ್ರಗಳಿಗೆ ಇಳಿಯಲು ಎಂಟು ವರ್ಷಕ್ಕೂ ಹೆಚ್ಚು. ಲಿನಕ್ಸ್‌ನ ಎನ್‌ಎಫ್‌ಎಸ್ ಕೋಡನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರಲ್ಲಿ ನಾರ್ವೆಯ ಟ್ರಾಂಡ್ ಮಿಕ್ಲೆಬಸ್ಟ್ ಪ್ರಮುಖರು. ಇಂಥ ಕೆಲಸಕ್ಕೆ ಹೊರಗೆ ಹೆಸರು ಬರುವುದು ಕಡಿಮೆ. ಸರಿಯಾಗಿ ನಡೆದರೆ ಯಾರಿಗೂ ಗೊತ್ತಾಗದ ಕೆಲಸ ಅದು.

ಫೈಲ್ ಸೃಷ್ಟಿಯ ತೊಂದರೆ ಹೀಗೆ ಬಗೆಹರಿಯಿತು. ಅಳಿಸುವುದು, ಹೆಸರು ಬದಲಿಸುವುದು ಇನ್ನೂ ಚೀಟಿಪುಸ್ತಕದ ಮೇಲೇ ನಿಂತಿದ್ದವು. ಬೇರುಸಹಿತ ರಿಪೇರಿ ಬಂದದ್ದು 4.1 ಆವೃತ್ತಿಯಲ್ಲಿ, 2010ರ ಜನವರಿಯಲ್ಲಿ. ಅದರ ನಿಯಮಗಳನ್ನು ಸಂಪಾದಿಸಿದವರು ಸ್ಪೆನ್ಸರ್ ಶೆಪ್ಲರ್, ಮೈಕ್ ಐಸ್ಲರ್ ಮತ್ತು ಡೇವಿಡ್ ನೊವೆಕ್. ಈಗ ಯಂತ್ರವೂ ಸರ್ವರೂ ಮೊದಲು ಕುಳಿತು ಒಪ್ಪಂದ ಮಾಡಿಕೊಳ್ಳುತ್ತವೆ: ನಮ್ಮಿಬ್ಬರ ನಡುವೆ ಇಷ್ಟು ಗೂಡುಗಳು. ಪ್ರತಿ ಪ್ರಶ್ನೆ ಒಂದು ಗೂಡಿನ ಮೂಲಕವೇ ಹೋಗಬೇಕು, ಆ ಗೂಡಿನ ಸರಣಿ ನಂಬರ್ ಒಂದೊಂದಾಗಿ ಏರಬೇಕು. ಗೂಡಿನ ಕೊನೆಯ ನಂಬರ್ 7 ಆಗಿದ್ದು 8 ಬಂದರೆ ಹೊಸ ಕೆಲಸ. ಮತ್ತೆ 7 ಬಂದರೆ ಮರುಪ್ರಶ್ನೆ, ಇಟ್ಟುಕೊಂಡ ಹಳೆಯ ಉತ್ತರವನ್ನೇ ತಿರುಗಿ ಕೊಡು. 5 ಅಥವಾ 9 ಬಂದರೆ ತಿರಸ್ಕರಿಸು.

ಇದರ ಸೊಗಸು ಎಲ್ಲಿದೆ ನೋಡಿ. ಯಂತ್ರ 8 ಕಳಿಸಿತೆಂದರೆ 7ರ ಉತ್ತರ ಅದಕ್ಕೆ ಮುಟ್ಟಿದೆ ಎಂದೇ ಅರ್ಥ. ಸರ್ವರ್ ಧೈರ್ಯವಾಗಿ 7ನ್ನು ಮರೆಯಬಹುದು. ಹಳೆಯ ಚೀಟಿಪುಸ್ತಕದಲ್ಲಿ ಯಾವುದನ್ನು ಮರೆಯಬೇಕು ಎಂಬುದು ಬರೀ ಊಹೆಯಾಗಿತ್ತು. ಈಗ ಎಷ್ಟು ನೆನಪಿಡಬೇಕು, ಯಾವಾಗ ಮರೆಯಬೇಕು ಎರಡಕ್ಕೂ ಲೆಕ್ಕ ಸಿಕ್ಕಿತು. ತಿಂಗಳ ಹಿಂದೆ ಕರೆದ ಟ್ರ್ಯಾಕ್ಟರ್ ಈಗ ಬಂದರೆ ಹೊಲದ ಗೇಟಿನಲ್ಲೇ ವಾಪಸ್.

ಬೆಂಗಳೂರಿನಲ್ಲಿ ಈ ಕ್ಷೇತ್ರದ ಕೆಲಸ ಮಾಡುವ ಎಂಜಿನಿಯರುಗಳು ಬಹಳ ಜನ ಇದ್ದಾರೆ. ಎನ್‌ಎಫ್‌ಎಸ್ ಸರ್ವರ್‌ಗಳನ್ನೇ ಮುಖ್ಯ ವ್ಯಾಪಾರ ಮಾಡಿಕೊಂಡು ಬೆಳೆದ ನೆಟ್‌ಆ್ಯಪ್ ಕಂಪನಿಗೆ ಅಲ್ಲಿ ದೊಡ್ಡ ಕಚೇರಿಯೇ ಇದೆ. ಆದರೆ ನಮ್ಮ ಓದುಗರಿಗೆ ಈ ಕಥೆ ತಟ್ಟುವುದು ಕೈಯಲ್ಲಿರುವ ಫೋನಿನಲ್ಲಿ. ಗೊಬ್ಬರದ ಅಂಗಡಿಯಲ್ಲಿ ಯುಪಿಐ ಮೂಲಕ ಹಣ ಕಳಿಸುತ್ತೀರಿ. ಚಕ್ರ ತಿರುಗುತ್ತಲೇ ಇದೆ. ಅಂಗಡಿಯವರ ಸ್ಪೀಕರ್ ಮಾತಾಡುತ್ತಿಲ್ಲ. ಹಣ ಹೋಗಲಿಲ್ಲವೋ, ಹೋದ ಸುದ್ದಿ ಬರಲಿಲ್ಲವೋ? 1985ರ ಯಂತ್ರಗಳು ನಿಂತಿದ್ದೂ ಇದೇ ಜಾಗದಲ್ಲಿ. ಯುಪಿಐಯಲ್ಲಿ ಪ್ರತಿ ಪಾವತಿಗೂ 12 ಅಂಕಿಗಳ ರೆಫರೆನ್ಸ್ ಸಂಖ್ಯೆ ಇರುತ್ತದೆ, ಅದರಿಂದ ಆ ಪಾವತಿ ಏನಾಯಿತೆಂದು ಹುಡುಕಬಹುದು. ಆದರೆ ನೀವು ಮೊದಲಿನಿಂದ ಮೊತ್ತ ಒತ್ತಿ ಪಿನ್ ಹಾಕಿದರೆ ಅದು ಮರುಪ್ರಶ್ನೆ ಅಲ್ಲ, ಹೊಸ ನಂಬರಿನ ಹೊಸ ಪಾವತಿ. ಅದನ್ನು ತಡೆಯುವ ಕಾರಣ ವ್ಯವಸ್ಥೆಗೆ ಇಲ್ಲ, ನೀವು ನಿಜಕ್ಕೂ ಎರಡು ಚೀಲ ಕೊಂಡಿರಬಹುದು. ಹಾಗಾಗಿ ಮತ್ತೆ ಒತ್ತುವ ಮೊದಲು ಹಿಸ್ಟರಿಯಲ್ಲಿ ಆ ಪಾವತಿಯ ಸ್ಥಿತಿ ನೋಡಿ. 'ಪೆಂಡಿಂಗ್' ಎಂದಿದ್ದರೆ ಹೋಗಿಲ್ಲ ಎಂದು ಅರ್ಥವಲ್ಲ. ಹೆಸರು ಎಷ್ಟಿವೆ ಎಂದು ಎಣಿಸಿ ನೋಡಿದ ಆ ಹಳೆಯ ಪ್ರೋಗ್ರಾಂನವರು ಮಾಡಿದ್ದೂ ಇಂಥದ್ದೇ.

ಎರಡನೇ ಆವೃತ್ತಿಯ ನಿಯಮಗಳು 1989ರಲ್ಲಿ ಪ್ರಕಟವಾದಾಗ 27 ಪುಟ ಇದ್ದವು. ಮೂರನೆಯದು 126 ಪುಟ. 4.1ರದ್ದು 617 ಪುಟ. ನೆನಪಿಲ್ಲದ ಸರ್ವರ್ ಕಟ್ಟುವುದು ಸುಲಭ, ಲೆಕ್ಕವಿಟ್ಟು ನೆನಪಿಡುವ ಸರ್ವರ್ ಕಟ್ಟಲು ಅಷ್ಟು ಬರೆಯಬೇಕಾಯಿತು. ಆ 617 ಪುಟಗಳು ಹೊರಬಂದ 2010ರ ಜನವರಿಯಲ್ಲೇ, 27ನೇ ತಾರೀಖು, ಒರಾಕಲ್ ಕಂಪನಿ ಸನ್ ಮೈಕ್ರೋಸಿಸ್ಟಮ್ಸನ್ನು ಪೂರ್ತಿ ಕೊಂಡುಕೊಂಡಿತು.